ಅಮೆರಿಕಕ್ಕೆ ಹೋಗಿ ಕೊಂಬು ಹೊತ್ತು ಬಂದ ಟಗರು

ಸೊರಡಿ

ಆಗ ನನಗೆ ಎಪ್ಪತ್ತೊಂದು. ಈಗ ಎಪ್ಪತ್ನಾಲ್ಕು. ಅಂದರೆ ಮೂರು ವರ್ಷದ ಹಿಂದೆ ನಾನು ಅಮೆರಿಕಕ್ಕೆ ಹೋಗಿ ಎರಡು ದಿನ ಇದ್ದು ಬಂದೆ. ವಿಮಾನ ಹತ್ತಲಿಲ್ಲ. ಕುರಿ ಸಾಗಿಸುವ ಟೆಂಪೋದಲ್ಲಿ ಹೋದೆ. ನಮ್ಮ ಸೊರಡಿಯಿಂದ ಹೊರಟು, ನಡುವೆ ಚಹಾಕ್ಕೆ ನಿಂತರೂ, ಅಮೆರಿಕ ಮುಟ್ಟುವುದಕ್ಕೆ ಒಂದು ತಾಸು ಹಿಡಿಯಲಿಲ್ಲ.

ನಗುವವರು ನಗಲಿ. ಪರದೇಶಕ್ಕೆ ಹೋಗಿ ಬಂದವರು ಏನೇನು ಹೇಳುತ್ತಾರೆ ಎಂದು ನಾನೂ ಕೇಳಿದ್ದೇನೆ. ಅಲ್ಲಿ ಮಂದಿಯ ಮಾತು ತಿಳಿಯುವುದಿಲ್ಲ, ಊಟ ಬಾಯಿಗೆ ಹತ್ತುವುದಿಲ್ಲ, ಬಾಗಿಲು ಹೇಗೆ ತೆರೆಯಬೇಕೋ ಗೊತ್ತಾಗುವುದಿಲ್ಲ, ಎರಡನೆಯ ದಿನಕ್ಕೆ ಮನೆಯ ರೊಟ್ಟಿ ನೆನಪಾಗುತ್ತದೆ. ನನಗೂ ಅದೆಲ್ಲ ಆಯಿತು. ಮತ್ತೆ ಅದು ಪರದೇಶ ಅಲ್ಲದೆ ಏನು?

ಸಂಗತಿ ಹೀಗಿತ್ತು. ಪುಣೆಯ ಮೃಣಾಲ ಎಂಬ ಹುಡುಗಿ ಸಿನೆಮಾ ಕಲಿಸುವ ಸಾಲೆಯಲ್ಲಿ ಓದುತ್ತಿದ್ದಳು. ಆ ಸಾಲೆಯ ಕಡೆಯ ಪರೀಕ್ಷೆ ಕಾಗದದ ಮೇಲೆ ಬರೆಯುವಂಥದ್ದಲ್ಲ, ಒಂದು ಸಣ್ಣ ಸಿನೆಮಾ ಮಾಡಿ ತೋರಿಸಬೇಕು. ಆಕೆ ಮಾಡಲು ಹೊರಟದ್ದು ಹಳೆಯ ಕಾಲದ ಅಮೆರಿಕದ ಕಥೆ. ಕುದುರೆ, ದೊಡ್ಡ ಟೋಪಿ, ಸೊಂಟದಲ್ಲಿ ಬಂದೂಕು. ಆದರೆ ಗುಂಡು ಹಾರುವುದಕ್ಕಿಂತ ಮಂದಿ ಬೀಳುವುದೇ ಹೆಚ್ಚು. ಮಾತು ಒಂದೂ ಇಲ್ಲ. ಬೀಳುವುದು, ಏಳುವುದು, ಒದೆ ತಿನ್ನುವುದು. ನೋಡಿದವರು ನಗಬೇಕು. ನಕ್ಕರೆ ಪಾಸು.

ಆಕೆ ದರಿಬಡಚಿ ಊರಿನ ಆಚೆಯ ಮಾಳ ನೋಡಿ ಇದು ಥೇಟ್ ಅಮೆರಿಕ ಅಂದಳಂತೆ. ಕಲ್ಲು, ಜಾಲಿಗಿಡ, ಧೂಳು, ಮೇಲೆ ಒಂದು ಹದ್ದು. ಆ ಮಾಳದಲ್ಲಿ ನಾನು ಅರವತ್ತು ವರ್ಷ ಕುರಿ ಕಾಯ್ದಿದ್ದೇನೆ. ಅದು ಅಮೆರಿಕ ಎಂದು ಒಬ್ಬರೂ ನನಗೆ ಹೇಳಿರಲಿಲ್ಲ.

ಆಕೆಗೆ ಬೇಕಾದದ್ದು ನಾನಲ್ಲ, ನನ್ನ ಟಗರು. ಅವನ ಹೆಸರು ಮಾಮಲೇದಾರ. ಯಾರು ಕರೆದರೂ ತಾನಾಗಿ ಬರುವುದಿಲ್ಲ, ಬಂದವರನ್ನು ಎದುರಿಗೆ ನಿಲ್ಲಿಸಿಕೊಂಡು ಮೂಗು ಮೇಲೆತ್ತಿ ನೋಡುತ್ತಾನೆ, ಮನಸ್ಸಾದಾಗ ಏಳುತ್ತಾನೆ. ಜತ್ತದ ತಹಶೀಲ್ದಾರ, ನಮ್ಮ ಬಾಯಲ್ಲಿ ಮಾಮಲೇದಾರ, ಅವನ ಕಚೇರಿಯಲ್ಲಿ ಹೊಲದ ಉತಾರೆಯ ಕಾಗದಕ್ಕಾಗಿ ನಾನು ಮೂರು ಸಲ ತಿರುಗಿದ ವರ್ಷ ಅವನು ಹುಟ್ಟಿದ. ಹಾಗಾಗಿ ಆ ಹೆಸರು ಬಿತ್ತು.

ಅವನ ತಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ತಿಳಿಯದಿದ್ದರೆ ಮುಂದಿನದೇನೂ ತಿಳಿಯುವುದಿಲ್ಲ. ಮಾಡಗ್ಯಾಳ ಕುರಿ ಎಂದರೆ ಗಿಣಿಮೂಗು, ಜೋತುಬಿದ್ದ ಕಿವಿ, ಬಿಳಿ ಮೈಯ ಮೇಲೆ ಕಂದು ಮಚ್ಚೆ. ಮತ್ತು ಕೊಂಬು ಇರುವುದಿಲ್ಲ. ಹೆಣ್ಣಿಗೂ ಇಲ್ಲ, ಗಂಡಿಗೂ ಇಲ್ಲ. ತಲೆ ಕುಂಬಳಕಾಯಿಯ ಹಾಗೆ ನುಣ್ಣಗಿರಬೇಕು. ಕೊಂಬಿನ ಮೊಳಕೆ ಕಂಡರೆ ಎಲ್ಲೋ ಬೇರೆ ರಕ್ತ ಸೇರಿದೆ ಎಂದೇ ಅರ್ಥ. ನಮ್ಮ ಮನೆಯ ಟಗರು ನನ್ನ ಅತ್ತೆಯ ಕಾಲದಿಂದ ಕಲಬೆರಕೆ ಇಲ್ಲದ್ದು. ಸುತ್ತಿನ ಊರುಗಳವರು ಚಲೋ ತಳಿಯ ಮರಿಗಾಗಿ ತಮ್ಮ ಕುರಿಗಳನ್ನು ಹೊಡೆದುಕೊಂಡು ಬಂದು ಮಾಮಲೇದಾರನ ಹತ್ತಿರ ಬಿಡುತ್ತಾರೆ. ಬಂದವರು ಮೊದಲು ಮಾಡುವ ಕೆಲಸ ಅವನ ತಲೆ ತಡವುವುದು. ಗುಡಿಗೆ ಹೋದವರು ಗಂಟೆ ಬಾರಿಸಿದ ಹಾಗೆ.

ಟಗರು ಕೊಡಲು ನಾನು ಮೂರು ಕರಾರು ಹಾಕಿದೆ. ಅವನಿಗೆ ಬಣ್ಣ ಬಳಿಯಬಾರದು. ಅವನನ್ನು ಹೊಡೆಯಬಾರದು. ಎಲ್ಲರಿಗಿಂತ ಮೊದಲು ಅವನಿಗೆ ಮೇವು ಹಾಕಬೇಕು. ಮೃಣಾಲ ಮೂರಕ್ಕೂ ಹೂಂ ಅಂದಳು. ನಾಲ್ಕನೆಯದು ನನಗೆ ಹೊಳೆಯಲೇ ಇಲ್ಲ. ಯಾರಿಗೆ ಹೊಳೆಯುತ್ತದೆ?

ಹಗ್ಗದ ಗಡಿ

ನನ್ನ ಜೊತೆಗೆ ಬಂದವನು ಅಕ್ಕನ ಮಗ ಮಾಳಪ್ಪ. ನಲವತ್ತು ದಾಟಿದವನು, ಎರಡು ಮಕ್ಕಳ ತಂದೆ. ಈ ಸಿನೆಮಾದವರನ್ನು ನನ್ನ ಮನೆಗೆ ಕರೆತಂದವನೂ ಅವನೇ. ಅದಕ್ಕೆ ಪ್ರತಿಯಾಗಿ ಅವನಿಗೆ ಅಮೆರಿಕದ ಪೊಲೀಸ್ ಫೌಜದಾರನ ವೇಷ ಕೊಟ್ಟಿದ್ದರು. ಎದೆಯ ಮೇಲೆ ತಗಡಿನ ಚುಕ್ಕಿ, ತಲೆಯ ಮೇಲೆ ಬುಟ್ಟಿಯಷ್ಟು ದೊಡ್ಡ ಟೋಪಿ. ಟೆಂಪೋದಲ್ಲಿ ಕೂತಾಗಿನಿಂದ ಅದನ್ನು ತೆಗೆಯಲಿಲ್ಲ. ಮಾತನ್ನೂ ಕಡಿಮೆ ಮಾಡಿದ್ದ.

ಅಮೆರಿಕದ ಗಡಿ ಒಂದು ನೂಲಿನ ಹಗ್ಗ. ಎರಡು ಜಾಲಿಗಿಡಕ್ಕೆ ಕಟ್ಟಿದ್ದರು. ಅಲ್ಲಿ ಒಬ್ಬ ಕೂತು ಎಲ್ಲರ ಫೋನು ಇಸಿದುಕೊಂಡು ಚೀಲದಲ್ಲಿ ಹಾಕುತ್ತಿದ್ದ. ಸಿನೆಮಾ ಮುಗಿಯುವ ಮೊದಲು ಒಳಗಿನ ಚಿತ್ರ ಹೊರಗೆ ಹೋಗಬಾರದಂತೆ. ನನ್ನ ಹತ್ತಿರ ಫೋನಿಲ್ಲ, ಎಲೆ-ಅಡಿಕೆಯ ಸಂಚಿ ಇತ್ತು. ಅದನ್ನೂ ಬಿಚ್ಚಿ ನೋಡಿದ. ಮಾಳಪ್ಪ ತನ್ನ ಫೋನು ಕೊಟ್ಟ. ಅವನ ಹತ್ತಿರ ಎರಡು ಫೋನಿದ್ದವು ಎಂಬುದು ನನಗೆ ಗೊತ್ತಿತ್ತು. ಎರಡನೆಯದು ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹಗ್ಗ ದಾಟಿ ಚಪ್ಪಲಿ ಬಿಡಲು ಹೋದೆ. ಬೇಡ ಎಂದರು. ಆ ದೇಶದಲ್ಲಿ ಮನೆಯೊಳಗೂ ಕಾಲ್ಮರಿ ಹಾಕಿಕೊಂಡೇ ಹೋಗುತ್ತಾರೆ, ಟೋಪಿ ಹಾಕಿಕೊಂಡೇ ಕೂಡುತ್ತಾರೆ. ಊರು ಎಂದರೆ ಒಂದೇ ಓಣಿ. ಮನೆಗಳಿಗೆ ಮೋರೆ ಮಾತ್ರ ಇದೆ, ಬೆನ್ನಿಲ್ಲ. ಮುಂದಿನಿಂದ ನೋಡಿದರೆ ಎರಡಂತಸ್ತು, ಬಾಗಿಲು ದಾಟಿದರೆ ಮತ್ತೆ ಅದೇ ಮಾಳ, ಒಂದು ಆಡು. ಹಲಗೆಗೆ ಹಿಂದಿನಿಂದ ಬೊಂಬು ಕೊಟ್ಟು ನಿಲ್ಲಿಸಿದ್ದರು.

ಯಾವ ಮನೆ ಯಾವುದು ಎಂದು ಮಾಳಪ್ಪನನ್ನು ಕೇಳಿದೆ. ಒಂದು ಬ್ಯಾಂಕು, ಒಂದು ತುರಂಗ ಅಂದರೆ ಜೈಲು, ಒಂದು ದಾರೂ ಅಂಗಡಿ, ಹೆಣದ ಪೆಟ್ಟಿಗೆ ಮಾಡುವವನದೊಂದು ಅಂಗಡಿ. ಮುಗಿಯಿತು.

"ಹಿಟ್ಟಿನ ಗಿರಣಿ ಎಲ್ಲೈತಿ?" ಎಂದೆ.

"ಅಮೇರಿಕಾದಾಗ ಗಿರಣಿ ಇರೂದಿಲ್ಲ ಚಿಗವ್ವ."

"ಮತ್ತ ಆ ಪೆಟಗಿ ಅಂಗಡಿ ಅದಕ್ಕ ಚಲೋ ನಡದಿರಬೇಕು."

ಇಡೀ ಊರಿನಲ್ಲಿ ಒಂದು ಕಸಬರಿಗೆ ಕಾಣಲಿಲ್ಲ. ಮುದುಕಿಯರೂ ಕಾಣಲಿಲ್ಲ. ಮುದುಕಿಯರಿಲ್ಲದ ಊರಿನಲ್ಲಿ ಕಸ ಹಾಗೇ ಇರುತ್ತದೆ.

ದಾರೂ ಅಂಗಡಿ

ಮೊದಲ ದಿನದ ಕೆಲಸವೆಲ್ಲ ದಾರೂ ಅಂಗಡಿಯಲ್ಲಿ. ಅದರ ಬಾಗಿಲು ಎದೆಯಿಂದ ಮೊಣಕಾಲವರೆಗೆ ಮಾತ್ರ. ಎರಡು ಹಲಗೆ, ಒಳಗೆ ತಳ್ಳಿದರೆ ಒಳಗೆ, ಹೊರಗೆ ತಳ್ಳಿದರೆ ಹೊರಗೆ, ಬಿಟ್ಟರೆ ತಿರುಗಿ ಬಂದು ಬೆನ್ನಿಗೆ ಬಡಿಯುತ್ತದೆ. ನಾಯಿ ಕೆಳಗಿನಿಂದ ಬರುತ್ತದೆ, ಕೋಳಿ ಮೇಲಿನಿಂದ ಬರುತ್ತದೆ. ಅಂಥ ಬಾಗಿಲು ಯಾಕೆ ಎಂದು ಯಾರಿಗೂ ಹೇಳಲು ಬರಲಿಲ್ಲ. ಬಾಟಲಿಗಳಲ್ಲಿ ಇದ್ದದ್ದು ಹಾಲಿಲ್ಲದ ಚಹಾ. ಕುಡಿದು ನೋಡಿದೆ. ಸಕ್ಕರೆಯೂ ಇರಲಿಲ್ಲ.

ಆ ಊರಿನ ಒಬ್ಬನೇ ಖರೆ ಪರದೇಶಿ ಅಲ್ಲಿ ಸಿಕ್ಕ. ಇಂಗ್ಲೆಂಡಿನ ಕಡೆಯವನು. ಹೆಸರು ಡ್ಯಾನಿಯಲ್, ನನ್ನ ಬಾಯಲ್ಲಿ ದಾನಪ್ಪ ಆದ. ಬಿದಿರಿನ ಹಾಗೆ ಉದ್ದ, ಕೆಂಪು ಮೀಸೆ. ಸಿನೆಮಾದಲ್ಲಿ ಬ್ಯಾಂಕು ದೋಚುವ ಕಳ್ಳ. ಅವನ ನಿಜವಾದ ಉದ್ಯೋಗ ಬೀಳುವುದು. ಅದಕ್ಕೆಂದೇ ಅವರ ದೇಶದಲ್ಲಿ ಸಾಲೆ ಇದೆಯಂತೆ, ಮೂರು ವರ್ಷ ಕಲಿತನಂತೆ. ನಮ್ಮಲ್ಲಿ ಅದನ್ನು ಅಂಥ ಅಂಗಡಿಗೆ ಹೋಗಿ ಒಂದು ಸಂಜೆಯಲ್ಲಿ ಕಲಿಯುತ್ತಾರೆ ಎಂದೆ. ಮೃಣಾಲ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಟೋಪಿ ತೆಗೆದು ನನಗೆ ಬಾಗಿದ. ಆ ದೇಶದಲ್ಲಿ ಟೋಪಿ ತೆಗೆದದ್ದನ್ನು ನೋಡಿದ್ದು ಅದೊಂದೇ ಸಲ.

ಮೃಣಾಲಳ ಮಾತು ಮರಾಠಿ, ನನ್ನದು ಅರ್ಧ ಮರಾಠಿ ಅರ್ಧ ಕನ್ನಡ. ಇಲ್ಲಿ ಎಲ್ಲ ಕನ್ನಡದಲ್ಲೇ ಬರೆದಿದ್ದೇನೆ.

ಕೆಲಸ ಶುರುವಾಯಿತು. ಫೌಜದಾರ ಮಾಳಪ್ಪ ಕುರ್ಚಿ ಎಳೆಯುತ್ತಾನೆ, ದಾನಪ್ಪ ಕೂರಲು ಹೋಗಿ ಧೊಪ್ ಎಂದು ಬೀಳುತ್ತಾನೆ. ಬಿದ್ದ. ನಾನು ಚೊಂಬು ತೆಗೆದುಕೊಂಡು ಓಡಿದೆ.

ನಮ್ಮಲ್ಲಿ ಯಾರಾದರೂ ಬಿದ್ದರೆ ಮೊದಲು ಬಿದ್ದ ಜಾಗಕ್ಕೆ ನೀರು ಹಾಕುತ್ತೇವೆ. ಬಿದ್ದವನ ಅಂಜಿಕೆ ನೆಲದಲ್ಲೇ ಕೂತಿರುತ್ತದೆ, ನೀರು ಬಿದ್ದರೆ ತಣ್ಣಗಾಗುತ್ತದೆ. ಆಮೇಲೆ ಆ ನೆಲಕ್ಕೆ ಎರಡು ಏಟು ಹಾಕುತ್ತೇವೆ. ಬೀಳಿಸಿದ್ದು ಅದು ತಾನೆ. ನಾನು ನೀರು ಹಾಕಿದೆ, ಕೋಲಿನಿಂದ ನೆಲಕ್ಕೆ ಎರಡು ಬಾರಿಸಿದೆ. ಕ್ಯಾಮೆರಾದವನು ತಲೆಯ ಮೇಲೆ ಕೈ ಇಟ್ಟುಕೊಂಡ.

ಮೃಣಾಲ ಸಮಾಧಾನದಿಂದ ಹೇಳಿದಳು. ಅಜ್ಜಿ, ಅವನು ಬೇಕಂತಲೇ ಬೀಳುತ್ತಾನೆ. ಆಯಿತು ಎಂದೆ. ಮತ್ತೆ ಬಿದ್ದ. ನಾನು ಮತ್ತೆ ಎದ್ದೆ. ಕೈ ಕೇಳುವುದಿಲ್ಲ, ಏನು ಮಾಡುವುದು. ನಾಲ್ಕನೆಯ ಸಲಕ್ಕೆ ಅವಳ ಸಮಾಧಾನ ಮುಗಿಯಿತು.

"ಅಜ್ಜಿ, ಅದು ಸುಳ್ಳು ಬೀಳೂದು."

"ಬೀಳೂದು ಸುಳ್ಳಿದ್ದರ ಇರವಲ್ದ್ಯಾಕ. ನೆಲ ಖರೇನ ಐತೆಲ್ಲ."

ದಾನಪ್ಪ ಏನೆಂದು ಕೇಳಿದ. ಅವಳು ಹೇಳಿದಳು. ಅವನು ಪ್ಯಾಂಟು ಮೇಲೆ ಮಾಡಿ ತನ್ನ ಮೊಣಕಾಲು ತೋರಿಸಿದ. ಎರಡೂ ಕಡೆ ಹಳೆಯ ಗಾಯದ ಗುರುತು, ಒಂದರ ಮೇಲೊಂದು, ಉಳುಮೆ ಮಾಡಿದ ಹಾಗೆ. ನನ್ನ ಮಾತು ಸರಿ ಎಂದು ಅವನಿಗೆ ಗೊತ್ತಿತ್ತು. ಕಡೆಗೆ ಅವನೇ ಒಂದು ದಾರಿ ತೆಗೆದ. ಅವಳು ಕಟ್ ಎಂದು ಕೂಗುವವರೆಗೆ ನಾನು ಕೂತಿರಬೇಕು, ಕೂಗಿದ ಮೇಲೆ ನೀರು ಹಾಕಬಹುದು. ಹಾಗೆಯೇ ನಡೆಯಿತು. ಅವನು ಬೀಳುವನು, ಅವಳು ಕೂಗುವಳು, ನಾನು ನೀರು ಹಾಕಿ ನೆಲಕ್ಕೆ ಬಾರಿಸುವೆ, ಎಲ್ಲರೂ ಸುಮ್ಮನೆ ಕಾಯುವರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ನೆಲ ಕೆಸರಾಯಿತು. ದಾನಪ್ಪ ಬಾಗಿಲು ತಳ್ಳಿ ಬಂದವನು ಕೆಸರಿನಲ್ಲಿ ಜಾರಿ, ಮಾಳಪ್ಪನನ್ನು ಹಿಡಿದು, ಮಾಳಪ್ಪ ಮೇಜನ್ನು ಹಿಡಿದು, ಮೂರೂ ಒಟ್ಟಿಗೆ ಹೋದವು. ಅದು ಬೇಕಂತ ಬಿದ್ದದ್ದಲ್ಲ. ಮೃಣಾಲ ಅದನ್ನೇ ಇಟ್ಟುಕೊಂಡಳು.

ಆ ರಾತ್ರಿ ನನಗೂ ಮಾಮಲೇದಾರನಿಗೂ ತುರಂಗದಲ್ಲಿ ಜಾಗ ಮಾಡಿಕೊಟ್ಟರು. ಮುಂದೆ ಸರಳು, ಹಿಂದೆ ಗೋಡೆ ಇಲ್ಲ. ಗಾಳಿ ಚಲೋ ಬರುತ್ತಿತ್ತು.

ತುರಂಗ

ಎರಡನೆಯ ದಿನ ಮಾಮಲೇದಾರನ ಕೆಲಸ. ಕಥೆಯಲ್ಲಿ ಬ್ಯಾಂಕನ್ನು ಕಾಯುವುದು ಒಂದು ಭಯಂಕರ ಹೋರಿ. ಊರಿನವರೆಲ್ಲ ಅದರ ಹೆಸರು ಹೇಳಿದರೆ ಬಾಗಿಲು ಹಾಕುತ್ತಾರೆ, ಆದರೆ ಯಾರೂ ನೋಡಿಲ್ಲ. ಕಳ್ಳ ಬ್ಯಾಂಕಿಗೆ ನುಗ್ಗುತ್ತಾನೆ. ಬಾಗಿಲಿನಿಂದ ಹೋರಿ ಬರುತ್ತದೆ. ನೋಡಿದರೆ ಟಗರು. ಕಳ್ಳ ನಗುತ್ತಾನೆ. ಟಗರು ಅವನನ್ನು ಗುದ್ದಿ ಎದುರಿನ ನೀರಿನ ಬಾನಿಗೆ ಕೆಡವುತ್ತದೆ. ಅಲ್ಲಿಗೆ ಸಿನೆಮಾ ಮುಗಿಯಿತು. ನನಗೆ ಕಥೆ ಹಿಡಿಸಿತು. ಮಾಮಲೇದಾರನಿಗೆ ಒಪ್ಪುವಂಥದ್ದೇ.

ಬೆಳಿಗ್ಗೆ ರೊಟ್ಟಿ ತಿನ್ನುತ್ತ ತುರಂಗದಲ್ಲಿ ಕೂತಿದ್ದೆ. ಸಿನೆಮಾದ ಸಾಮಾನು ಮಾಡುವವನು ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದ. ಎರಡು ಕೊಂಬು. ಕಾಗದ ನೆನೆಸಿ, ಒತ್ತಿ, ಒಣಗಿಸಿ, ಬಣ್ಣ ಹಚ್ಚಿ ಮಾಡಿದ್ದು. ಒಂದೊಂದೂ ಮೊಳ ಉದ್ದ. ಖರೆ ಕೊಂಬೇ ಎನ್ನಬೇಕು.

ಯಾರಿಗೆ ಎಂದು ಕೇಳಿದೆ. ಅವನು ಮಾಮಲೇದಾರನ ಕಡೆ ನೋಡಿದ.

ರೊಟ್ಟಿ ಕೆಳಗಿಟ್ಟೆ. ಟಗರಿನ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡೆ. ಮೃಣಾಲ ಓಡಿ ಬಂದಳು. ನಾನು ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ತಳಿ ಏನು, ತಲೆ ಯಾಕೆ ನುಣ್ಣಗಿರಬೇಕು, ಕೊಂಬಿನ ಮಾತು ಒಂದು ಸಲ ಹರಡಿದರೆ ಅದನ್ನು ತಿರುಗಿ ತರಲು ಆಗುವುದಿಲ್ಲ, ಅತ್ತೆಯ ಕಾಲದಿಂದ ಇದ್ದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ನಿಮ್ಮ ಸಿನೆಮಾ ಹದಿನೈದು ಮಿನಿಟು, ಅವನ ಮರಿಗಳು ಹುಟ್ಟುತ್ತಲೇ ಇರುತ್ತವೆ.

ಅವಳು ಕೇಳಿದಳು. ಕೇಳಿ, ನನ್ನ ಎದುರಿಗೆ ನೆಲದ ಮೇಲೆ ಕೂತಳು. ಕೊಂಬಿಲ್ಲದಿದ್ದರೆ ಅವನು ಬರೀ ಟಗರು, ಹೋರಿಯ ವೇಷದ ಟಗರಲ್ಲ, ಜನ ನಗುವುದಿಲ್ಲ ಎಂದಳು. ಬಾಡಿಗೆಗೆ ತಂದ ಕ್ಯಾಮೆರಾ ಸಂಜೆಗೆ ತಿರುಗಿ ಹೋಗಬೇಕಿತ್ತು. ಅದಿಲ್ಲದೆ ಕಡೆಯ ಭಾಗವಿಲ್ಲ, ಕಡೆಯ ಭಾಗವಿಲ್ಲದೆ ಪಾಸಿಲ್ಲ. ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ.

ಅಷ್ಟರಲ್ಲಿ ದಾನಪ್ಪ ಬಂದ. ಮಾತು ತಿಳಿಯಲಿಲ್ಲ, ಆದರೆ ಕೊಂಬು, ಹಗ್ಗ, ನಮ್ಮಿಬ್ಬರ ಮೋರೆ ನೋಡಿ ತಿಳಿದುಕೊಂಡ. ಕೊಂಬನ್ನು ದಾರದಿಂದ ತನ್ನ ತಲೆಗೆ ಕಟ್ಟಿಕೊಂಡ. ನಾಲ್ಕು ಕಾಲಿನಲ್ಲಿ ನಡೆದು ಮಾಮಲೇದಾರನ ಮುಂದೆ ಬಂದು, ಟಗರಿನ ಹಾಗೆ ತಲೆ ಬಗ್ಗಿಸಿ, ನೋಡು ಏನೂ ಆಗುವುದಿಲ್ಲ ಎಂಬಂತೆ ಮೋರೆ ಮಾಡಿದ. ಮಾಮಲೇದಾರ ಅವನನ್ನು ಬಹಳ ಹೊತ್ತು ನೋಡಿದ. ಅರ್ಜಿ ಓದುವ ಹಾಗೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಒಂದು ಕೊಟ್ಟ.

ದಾನಪ್ಪ ತುರಂಗದ ಸರಳುಗಳ ಸಮೇತ ಓಣಿಗೆ ಬಿದ್ದ. ಕೊಂಬು ಒಂದು ಕಡೆ, ಮೀಸೆ ಒಂದು ಕಡೆ. ಕೆಂಪು ಮೀಸೆ ಅಂಟಿಸಿದ್ದು ಎಂದು ನನಗೆ ಆಗಲೇ ಗೊತ್ತಾಗಿದ್ದು. ನಾನು ನಕ್ಕೆ. ಆ ದೇಶಕ್ಕೆ ಹೋದ ಮೇಲೆ ಮೊದಲ ಸಲ ನಕ್ಕೆ. ನಗುತ್ತಲೇ ಹೋಗಿ ಬಿದ್ದ ಜಾಗಕ್ಕೆ ನೀರು ಹಾಕಿದೆ.

ಒಮ್ಮೆ ನಕ್ಕವರಿಗೆ ಹಟ ಮಾಡಲು ಬರುವುದಿಲ್ಲ. ಇದು ತಿಳಿದಿದ್ದರೆ ನಗುತ್ತಿರಲಿಲ್ಲ.

"ಒಂದ ಸಲ," ಎಂದೆ. "ದಾರಲೆ ಕಟ್ರಿ. ಹಗ್ಗದ ಹೊರಗಿನವ್ರು ಒಬ್ಬರೂ ನೋಡಬಾರದು. ಮುಗದ ಕೂಡಲೆ ನನ್ನ ಕೈಯಾಗ ಕೊಡಬೇಕು, ಒಲಿಗೆ ಹಾಕ್ತೀನಿ."

ಮೃಣಾಲ ತನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದಳು. ಎಲ್ಲರನ್ನೂ ಕರೆದು ಆಣೆ ಮಾಡಿಸಿದಳು. ಫೌಜದಾರ ಮಾಳಪ್ಪ ಎಲ್ಲರಿಗಿಂತ ಗಟ್ಟಿಯಾಗಿ ಮಾಡಿದ.

ಬಾನಿ

ದಾರ ನಿಲ್ಲಲಿಲ್ಲ. ತಲೆ ಅಷ್ಟು ನುಣುಪು. ಕೊಂಬು ಜಾರಿ ಕಿವಿಯ ಮೇಲೆ ಬರುತ್ತಿತ್ತು. ಮಾಮಲೇದಾರನಿಗೆ ಬೇಸರ ಬಂದು ಕೂತುಬಿಟ್ಟ. ನಾನು ಮೇವು ತರಲು ಹೋದೆ. ಬರುವಷ್ಟರಲ್ಲಿ ಕೊಂಬು ಗಟ್ಟಿಯಾಗಿ ನಿಂತಿದ್ದವು. ಸಾಮಾನಿನವನು ದಾನಪ್ಪನ ಮೀಸೆಯ ಅಂಟನ್ನು ಎರಡೆರಡು ಬೆರಳು ಹಚ್ಚಿದ್ದ. ನನಗೆ ಹೇಳಲಿಲ್ಲ. ನಾನೂ ದೂರದಿಂದ ನೋಡಿ ದಾರ ಬಿಗಿಯಾಯಿತು ಎಂದುಕೊಂಡೆ.

ಅಮೆರಿಕದವರಿಗೆ ಕುರಿ ಕರೆಯಲು ಬರುವುದಿಲ್ಲ. ಕೈ ಬೀಸಿದರು, ಸೀಟಿ ಹೊಡೆದರು, ಹಿಂದಿನಿಂದ ಹಲಗೆ ಬಡಿದರು. ಮಾಮಲೇದಾರ ಬ್ಯಾಂಕಿನ ಬಾಗಿಲಲ್ಲಿ ನಿಂತು ಮೂಗು ಮೇಲೆತ್ತಿದ. ಹೊತ್ತು ಇಳಿಯುತ್ತಿತ್ತು. ಮೃಣಾಲ ಒಮ್ಮೆ ಸೂರ್ಯನನ್ನು, ಒಮ್ಮೆ ನನ್ನನ್ನು ನೋಡಿದಳು.

ನಾನು ಬಾನಿಯ ಆಚೆ ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತೆ. ಸೆರಗಿನಲ್ಲಿ ಗೋವಿನಜೋಳ ಹಿಡಿದು, ನಾಲಿಗೆಯಿಂದ ಕಟ್ ಕಟ್ ಮಾಡಿ, ಉದ್ದಕ್ಕೆ ಒಂದು ಹುರ್ರ್ ಎಂದೆ. ಅದು ಅವನ ತಾಯಿಗೂ ಗೊತ್ತಿದ್ದ ಕರೆ. ಮಾಮಲೇದಾರ ತಲೆ ಎತ್ತಿದ. ನನ್ನ ಅವನ ನಡುವೆ ದಾನಪ್ಪ ನಿಂತಿದ್ದ, ಟಗರಿಗೆ ಬೆನ್ನು ಮಾಡಿ, ಹೊಟ್ಟೆ ಹಿಡಿದು ನಗುವ ನಟನೆ ಮಾಡುತ್ತ.

ಟಗರು ಸುತ್ತಿ ಬರುವ ಪ್ರಾಣಿ ಅಲ್ಲ.

ದಾನಪ್ಪ ಬಾನಿಗೆ ಹೋದ. ಮಾಮಲೇದಾರ ಬಾನಿಯ ಅಂಚಿಗೆ ತಲೆ ಬಡಿದು ಒಂದು ಕೊಂಬನ್ನು ನೀರಿಗೆ ಕೆಡವಿದ. ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಕೊಂಬಿನಿಂದ ತಿರುಗಿ ದಾರೂ ಅಂಗಡಿಗೆ ನುಗ್ಗಿದ. ಬಾಗಿಲ ಹಲಗೆಗಳು ಒಳಗೆ ಹೋಗಿ ಹೊರಗೆ ಬಂದವು. ನೋಡಲು ಬಂದು ಬಗ್ಗಿದ ಫೌಜದಾರನ ಹಣೆಗೆ ಒಂದು, ಎದೆಗೆ ಒಂದು. ಮಾಳಪ್ಪ ಅಂಗಾತ ಬಿದ್ದ. ಟೋಪಿ ಉರುಳಿಕೊಂಡು ಓಣಿಯ ನಡುವೆ ಬಂದು ನಿಂತಿತು. ಅದರೊಳಗಿಂದ ಫೋನು ಗಂಟೆ ಬಾರಿಸುತ್ತಿತ್ತು.

ದಾನಪ್ಪ ಬಾನಿಯಿಂದ ಎದ್ದ. ಬಂದು ನನ್ನ ಕೈಯ ಚೊಂಬು ಕೇಳಿ ತೆಗೆದುಕೊಂಡು, ತಾನು ಬಿದ್ದ ಜಾಗಕ್ಕೆ, ಅಂದರೆ ತುಂಬಿದ ಬಾನಿಗೆ, ನೀರು ಹಾಕಿದ. ಎರಡು ಏಟೂ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಟೋಪಿಯ ಕಡೆ ಹೋದೆ.

ಎತ್ತಿಕೊಂಡಾಗ ಬೆರಳು ಎಲ್ಲೋ ತಾಗಿ ಫೋನು ಬಾರಿಸುವುದು ನಿಂತಿತು, ಯಾರು ಎಂದೆ, ಅದು ಮಾತಾಡಲು ಶುರುಮಾಡಿತು. ಮಾಳಪ್ಪ ಬಂದು ಅದನ್ನು ಒತ್ತಿ ನಿಲ್ಲಿಸಲು ಹೋಗಿ ಇನ್ನೂ ದೊಡ್ಡದು ಮಾಡಿದ. ಮಾಡಗ್ಯಾಳದ ಸಿದರಾಯನ ದನಿ. ಅವನೂ ಟಗರು ಸಾಕುವವನು, ನನ್ನ ವಾರಿಗೆಯವನು, ಮೂವತ್ತು ವರ್ಷದಿಂದ ನನ್ನ ಟಗರಿನಲ್ಲಿ ಕುಂದು ಹುಡುಕುತ್ತಿದ್ದವನು.

"ಬಾಳಕ್ಕ, ಮಾಮಲೇದಾರಗ ಬಡ್ತಿ ಸಿಕ್ಕೈತಿ ಕಾಣತೈತಿ. ಕೊಂಬು ಭಾಳ ಚಲೋ ಬಂದಾವು. ಇಷ್ಟ ವರ್ಷ ಯಾವ ಗರಗಸಲೆ ಕೊಯ್ಯಾಕತ್ತಿದ್ದಿ?"

ಆಗಿದ್ದು ಇಷ್ಟು. ಮಾಳಪ್ಪ ಟೋಪಿ ಹಾಕಿಕೊಂಡು, ಚುಕ್ಕಿ ಕಾಣುವ ಹಾಗೆ ನಿಂತು, ತನ್ನ ಚಿತ್ರ ತಾನೇ ತೆಗೆದು, ಕುರಿ ಸಾಕುವವರ ಫೋನು ಗುಂಪಿಗೆ ಕಳಿಸಿದ್ದ. ತಾನು ಫೌಜದಾರ ಆದದ್ದು ಎಲ್ಲರಿಗೂ ಕಾಣಲಿ ಎಂದು. ಅವನ ಹೆಗಲ ಹಿಂದೆ, ಚೆನ್ನಾಗಿ ಬೆಳಕಿನಲ್ಲಿ, ಮೊಳ ಉದ್ದದ ಎರಡು ಕೊಂಬಿನ ಮಾಮಲೇದಾರ. ಗುಂಪಿನಲ್ಲಿ ಇನ್ನೂರು ಮಂದಿ ಇದ್ದರಂತೆ. ಅಷ್ಟು ಮಂದಿಯಲ್ಲಿ ಒಬ್ಬನೂ ಟೋಪಿ ನೋಡಿರಲಿಲ್ಲ.

ಮಾಳಪ್ಪ ಒಂದೊಂದೇ ಓದಿ ಹೇಳಿದ. ನಾಲ್ವರು ತಮ್ಮ ಕುರಿ ತರುವುದಿಲ್ಲ ಎಂದಿದ್ದರು. ಒಬ್ಬ ಹೋದ ವರ್ಷ ಹುಟ್ಟಿದ ಮರಿಗಳ ತಲೆ ತಡವಿ ನೋಡುತ್ತಿದ್ದೇನೆ ಎಂದು ಬರೆದಿದ್ದ. ನಾನು ಕೊಂಬು ಕೊಯ್ದು, ತಿಕ್ಕಿ, ಎಣ್ಣೆ ಹಚ್ಚಿ ಊರಿನವರ ಕಣ್ಣಿಗೆ ಮಣ್ಣೆರಚುತ್ತಿದ್ದೆ ಎಂದು ಅವರೆಲ್ಲ ತಿಳಿದುಕೊಂಡಿದ್ದರು.

ಮಾಳಪ್ಪನನ್ನು ಅಲ್ಲೇ ಬಿಟ್ಟೆ. ಮಾಮಲೇದಾರನನ್ನು ಹಿಡಿದು ತಂದು ಉಳಿದ ಕೊಂಬನ್ನು ಎಳೆದೆ. ಬಂತು, ಕೂದಲಿನ ಸಮೇತ ಬಂತು. ತಲೆಯ ಮೇಲೆ ಇನ್ನೊಂದು ಇದ್ದ ಜಾಗ ನೋಡಿದೆ. ಅಲ್ಲೂ ಹಾಗೇ.

ನುಣ್ಣನೆಯ ತಲೆಯ ಮೇಲೆ, ಕೊಂಬು ಇರುವ ಪ್ರಾಣಿಗೆ ಎಲ್ಲಿ ಇರುತ್ತದೋ ಅಲ್ಲೇ, ಬಂದಾ ರೂಪಾಯಿಯ ನಾಣ್ಯದಷ್ಟು ದುಂಡನೆಯ ಎರಡು ಬೋಳು ಗುರುತು. ಕೊಯ್ದ ಹಾಗೇ ಇತ್ತು. ನಾನೇ ಸಿದರಾಯ ಆಗಿದ್ದರೆ ನಂಬುತ್ತಿದ್ದೆ.

ಮೃಣಾಲ ಬಿಳುಚಿಕೊಂಡು ಬಂದಳು. ತಾನು ಬಂದು ಎಲ್ಲರಿಗೂ ಹೇಳುತ್ತೇನೆ, ಅಂಟು ಹಚ್ಚಿದ್ದು ನಾವೇ ಎಂದು ಬರೆದು ಕೊಡುತ್ತೇನೆ ಎಂದಳು. ಬರೆದದ್ದನ್ನು ಕುರಿಯವರು ಓದುವುದಿಲ್ಲ, ಮುಟ್ಟಿ ನೋಡುತ್ತಾರೆ ಎಂದೆ. ಬಾನಿಯಲ್ಲಿದ್ದ ಕೊಂಬನ್ನೂ ಕೇಳಿದೆ. ಒಲೆಗೆ ಹಾಕಲು ಎಂದುಕೊಂಡು ತಂದುಕೊಟ್ಟಳು. ನೀರಿಗೆ ಬಿದ್ದದ್ದು ಮೆತ್ತಗಾಗಿ ಬಾಗಿತ್ತು.

"ಆ ಅಂಟಿನ ಬಾಟಲಿನೂ ಕೊಡ್ರಿ," ಎಂದೆ.

ದಾನಪ್ಪ ತನ್ನ ಕಿಸೆಯಿಂದ ತೆಗೆದು ಕೊಟ್ಟ. ಯಾಕೆ ಎಂದು ಅವನೊಬ್ಬನಿಗೆ ಹೊಳೆದಿರಬೇಕು. ಮಾಳಪ್ಪನ ತಲೆಯನ್ನು ನೋಡಿ ಮೀಸೆಯಿಲ್ಲದ ತುಟಿಯನ್ನು ಕಚ್ಚಿಕೊಂಡ.

ಸಂಜೆ ಟೆಂಪೋ ಹತ್ತಿದೆವು. ಹಿಂದೆ ತಿರುಗಿ ನೋಡಿದಾಗ ಅಮೆರಿಕವನ್ನು ಬಿಚ್ಚುತ್ತಿದ್ದರು. ಬ್ಯಾಂಕು ಮಲಗಿತ್ತು, ದಾರೂ ಅಂಗಡಿಯನ್ನು ಇಬ್ಬರು ಹೊತ್ತುಕೊಂಡು ಹೋಗುತ್ತಿದ್ದರು. ಉಳಿದದ್ದು ನಮ್ಮ ಮಾಳ. ಹದ್ದು ಅಲ್ಲೇ ಇತ್ತು.

ಮಾಡಗ್ಯಾಳ

ಮರುದಿನ ಬೆಳಿಗ್ಗೆ ಮಾಡಗ್ಯಾಳದ ಕುರಿ ಸಂತೆ. ನಸುಕಿಗೆ ಎದ್ದು ಮಾಮಲೇದಾರನ ತಲೆಯನ್ನು ಸೀಗೆಯಿಂದ ತೊಳೆದೆ. ಆಮೇಲೆ ಮಾಳಪ್ಪನ ಮನೆಗೆ ಹೋಗಿ ಅವನನ್ನು ಕಟ್ಟೆಯ ಮೇಲೆ ಕೂರಿಸಿದೆ. ಬಾಟಲಿ ನೋಡಿ ಅವನು ಏಳಲು ಹೋದ.

"ಚಿಗವ್ವ, ಮಂದಿ ನಗ್ತಾರ."

"ಫೌಜದಾರ ಆದಾಂವ ಸಾಕ್ಷಿ ಹೇಳಬೇಕು. ಕುಂಡ್ರು."

ಸಾಮಾನಿನವನು ಎರಡೆರಡು ಬೆರಳು ಹಚ್ಚಿದ್ದ. ನಾನು ಮೂರು ಹಚ್ಚಿದೆ. ಅವನ ಹೆಂಡತಿ ಕೊಂಬುಗಳನ್ನು ನೇರ ಹಿಡಿದುಕೊಂಡಳು. ಒಣಗುವವರೆಗೆ ಅವಳೂ ಒಂದೆರಡು ಮಾತು ಅಂದಳು, ಅವು ಅವರ ಮನೆಯ ಮಾತು.

ಬಲಗೈಯಲ್ಲಿ ಟಗರು, ಎಡಗೈಯಲ್ಲಿ ಮಾಳಪ್ಪ. ಹಾಗೇ ಸಂತೆಯ ನಡುವೆ ನಡೆದೆ. ಟಗರಿಗೆ ಕೊಂಬಿಲ್ಲ, ಮನುಷ್ಯನಿಗಿದೆ, ಒಂದು ನೆಟ್ಟಗೆ, ಒಂದು ಕಿವಿಯ ಮೇಲೆ ಜೋತು. ಕುರಿ ಕೊಳ್ಳುವವರು, ಮಾರುವವರು, ಚಹಾದವನು, ಎಲ್ಲರೂ ಹಿಂದೆ ಬಂದರು. ಬೇವಿನ ಗಿಡದ ಕೆಳಗೆ ಸಿದರಾಯ ಕೂತಿದ್ದ. ಎದ್ದು ಮಾಮಲೇದಾರನ ತಲೆಗೆ ಕೈ ಹಾಕಿದ. ಎರಡು ಬೋಳು ಗುರುತು ಸಿಕ್ಕವು. ಅವನ ಮೋರೆ ಅರಳಿತು.

"ಇಲ್ಲದಾವು ನೋಡ್ರಿ ಕೊಯ್ದ ಗುರ್ತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಹೌದು," ಎಂದೆ. "ಈಗ ಇವನ ಕೊಂಬು ಹಿಡದು ಜಗ್ಗು."

ಸಿದರಾಯ ಅನುಮಾನದಿಂದ ಒಂದು ಕೊಂಬು ಹಿಡಿದ. ಮಾಳಪ್ಪ ಕಣ್ಣು ಮುಚ್ಚಿದ. ಜಗ್ಗಿದಾಗ ಕೊಂಬು ಕೂದಲಿನ ಸಮೇತ ಸಿದರಾಯನ ಕೈಯಲ್ಲಿ ಉಳಿಯಿತು, ಮಾಳಪ್ಪ ಹಿಂದೆ ಹೋಗಿ ಕುರಿಗಳ ನಡುವೆ ಅಂಗಾತ ಬಿದ್ದ. ಇನ್ನೊಂದನ್ನು ಅಲ್ಲೇ ಬಗ್ಗಿ ನಾನು ಎಳೆದೆ. ಅವನ ತಲೆಯ ಮೇಲೆ ಬಂದಾ ರೂಪಾಯಿಯಷ್ಟು ದುಂಡನೆಯ ಎರಡು ಬೋಳು ಗುರುತು. ಮಾಮಲೇದಾರನನ್ನು ತಂದು ಅವನ ಪಕ್ಕಕ್ಕೆ ನಿಲ್ಲಿಸಿದೆ.

ಸಿದರಾಯ ಒಂದು ಕೈ ಆ ತಲೆಯ ಮೇಲೆ, ಒಂದು ಕೈ ಈ ತಲೆಯ ಮೇಲೆ ಇಟ್ಟು ತಡವಿದ. ಒತ್ತಿ ನೋಡಿದ, ಉಗುರಿನಿಂದ ಕೆರೆದು ನೋಡಿದ. ಬಹಳ ಹೊತ್ತು ಹಿಡಿಯಿತು. ಅವನು ಕೆಟ್ಟವನಲ್ಲ, ಕೈ ಸುಳ್ಳು ಹೇಳದು.

"ಒಳಗ ಬುಡ ಇಲ್ಲ," ಎಂದ ಕಡೆಗೆ. "ಎರಡೂ ಅಂಟಿಂದ."

"ಗುಂಪಿನಾಗ ಹೇಳು."

ಅವನು ಫೋನು ತೆಗೆದು, ಬಾಯಿಗೆ ಹಿಡಿದು, ಅದನ್ನೇ ಇನ್ನೊಮ್ಮೆ ಹೇಳಿದ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ಬರುವ ವಾರ ತನ್ನ ಎರಡು ಕುರಿ ಹೊಡೆದುಕೊಂಡು ಸೊರಡಿಗೆ ಬರಲೇ ಎಂದು ನನ್ನನ್ನು ಕೇಳಿದ. ಮೂವತ್ತು ವರ್ಷದಲ್ಲಿ ಅವನು ಕೇಳಿದ್ದು ಅದೇ ಮೊದಲು. ಬಾ ಎಂದೆ, ಮೇವು ನೀನೇ ತಾ ಎಂದೆ.

ಚಹಾದವನ ಹತ್ತಿರ ಒಂದು ಚೊಂಬು ನೀರು ಇಸಿದುಕೊಂಡು, ಮಾಳಪ್ಪ ಬಿದ್ದ ಜಾಗಕ್ಕೆ ಹಾಕಿದೆ. ನೆಲಕ್ಕೆ ಎರಡು ಬಾರಿಸಿದೆ. ಆಮೇಲೆ ಮಾಮಲೇದಾರನ ಹಗ್ಗ ಹಿಡಿದು ಮನೆಗೆ ಹೊರಟೆ.